ಡಬ್ಬ ಬಡಿದರೆ ಬಾಲ್ ನಿಧಾನ

2017ರ ಸೆಪ್ಟೆಂಬರ್ 21. ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೇಸ್‌ಬಾಲ್ ಪಂದ್ಯ. ಚಿಕಾಗೋ ವೈಟ್ ಸಾಕ್ಸ್ ತಂಡದ ಪಿಚರ್ ಡ್ಯಾನಿ ಫಾರ್ಕ್ವಾರ್ ಬಾಲ್ ಎಸೆಯಲು ನಿಂತಿದ್ದಾರೆ. ಬ್ಯಾಟರ್ ಹಿಂದೆ ಕೂತು ಬಾಲ್ ಹಿಡಿಯುವ ಅವರ ಕ್ಯಾಚರ್ ತೊಡೆಗಳ ಮಧ್ಯೆ ಬೆರಳಿನಿಂದ ಸನ್ನೆ ಮಾಡುತ್ತಾರೆ, ‘ಈ ಸಲ ನಿಧಾನದ ಬಾಲ್ ಹಾಕು’ ಅಂತ. ತಕ್ಷಣ ಹ್ಯೂಸ್ಟನ್ ಆಸ್ಟ್ರೋಸ್ ಆಟಗಾರರು ಕೂರುವ ಕಡೆಯಿಂದ ಡಬ್ ಡಬ್ ಅಂತ ಸದ್ದು. ಮತ್ತೆ ನಿಧಾನದ ಬಾಲ್, ಮತ್ತೆ ಅದೇ ಸದ್ದು. ಫಾರ್ಕ್ವಾರ್‌ಗೆ ಅರ್ಥವಾಯಿತು. ಆಟ ನಿಲ್ಲಿಸಿ ಕ್ಯಾಚರ್‌ನನ್ನು ಹತ್ತಿರ ಕರೆದು ಸನ್ನೆಗಳನ್ನೇ ಬದಲಾಯಿಸಿದರು. ಸದ್ದು ನಿಂತಿತು. ಬ್ಯಾಟರ್ ಔಟಾದ.

ಬಡಿಯುತ್ತಿದ್ದದ್ದು ಒಂದು ಕಸದ ಡಬ್ಬ. ಮೈದಾನದ ನಡುಭಾಗದಾಚೆ ಇದ್ದ ಕ್ಯಾಮೆರಾ ಕ್ಯಾಚರ್‌ನ ಬೆರಳುಗಳನ್ನು ಹಿಡಿಯುತ್ತಿತ್ತು. ಆಟಗಾರರು ಕೂರುವ ಡಗೌಟ್ ಪಕ್ಕದ ಓಣಿಯಲ್ಲಿ ಇಟ್ಟಿದ್ದ ಪರದೆಯಲ್ಲಿ ಅದನ್ನು ನೋಡಿ, ಸನ್ನೆಯ ಅರ್ಥ ಬಿಡಿಸಿ, ಡಬ್ಬ ಬಡಿಯುತ್ತಿದ್ದರು. ಬಡಿದರೆ ನಿಧಾನದ ಅಥವಾ ತಿರುಗುವ ಬಾಲ್. ಬಡಿಯದಿದ್ದರೆ ವೇಗದ್ದು.

ಇಷ್ಟು ಸಣ್ಣ ಸುಳಿವಿನಿಂದ ಏನಾಗುತ್ತದೆ ಅಂತ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್‌ವರೆಗೆ 18.44 ಮೀಟರ್. ಪಿಚರ್ ಮುಂದೆ ಚಾಚಿ ಬಾಲ್ ಬಿಡುವುದರಿಂದ ಅದು ಸಾಗುವುದು ಸುಮಾರು 16.6 ಮೀಟರ್ ಅಷ್ಟೇ. ಗಂಟೆಗೆ 153 ಕಿಲೋಮೀಟರ್ ವೇಗದ ಬಾಲ್‌ಗೆ ಇದು 0.4 ಸೆಕೆಂಡಿನ ಕೆಲಸ. ಅದರಲ್ಲಿ ಬ್ಯಾಟ್ ಬೀಸುವುದಕ್ಕೇ ಸುಮಾರು 0.15 ಸೆಕೆಂಡ್ ಹೋಗುತ್ತದೆ. ಅಂದರೆ ಬಾಲ್ ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಹೊಡೆಯಬೇಕೋ ಬಿಡಬೇಕೋ ಅಂತ ತೀರ್ಮಾನ ಆಗಿರಬೇಕು.

ಈಗ ಪಿಚರ್ ಅದೇ ತೋಳಿನ ಬೀಸಿನಲ್ಲಿ 135 ಕಿಲೋಮೀಟರ್ ವೇಗದ ಬಾಲ್ ಬಿಟ್ಟ ಅಂದುಕೊಳ್ಳಿ. ಅದು ತಡವಾಗುವುದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಮಾತ್ರ. ಆದರೆ ವೇಗದ ಬಾಲ್ ಅಂತ ನಂಬಿ ಬ್ಯಾಟ್ ಬೀಸಿದವನ ಬ್ಯಾಟ್ ಮುಂದೆ ಬಂದಾಗ ಬಾಲ್ ಇನ್ನೂ ಸುಮಾರು ಎರಡು ಮೀಟರ್ ದೂರದಲ್ಲಿರುತ್ತದೆ! ಗಾಳಿಗೆ ಹೊಡೆದ ಹಾಗೆ. ಪಿಚರ್‌ನ ಅನ್ನ ಇರುವುದೇ ಈ ಎರಡು ಮೀಟರ್‌ನಲ್ಲಿ. ಡಬ್ಬದ ಸದ್ದು ಕಿತ್ತುಕೊಂಡಿದ್ದು ಅದನ್ನೇ.

ಸನ್ನೆ ಕದಿಯುವುದು ಅಪರಾಧವಲ್ಲ ಅನ್ನುವುದು ಇಲ್ಲಿ ಗೊತ್ತಿರಬೇಕು. ಬ್ಯಾಟಿಂಗ್ ತಂಡದವನು ರನ್‌ಗಾಗಿ ಓಡುವಾಗ ನಿಲ್ಲುವ ಜಾಗಗಳಿಗೆ ಬೇಸ್ ಅಂತಾರೆ. ಪಿಚರ್ ಹಿಂದಿರುವ ಎರಡನೇ ಬೇಸ್‌ನಲ್ಲಿ ನಿಂತ ಓಟಗಾರನಿಗೆ ಕ್ಯಾಚರ್‌ನ ಬೆರಳು ನೇರ ಕಾಣುತ್ತದೆ. ಅವನು ನೋಡಿ, ಊಹಿಸಿ, ತನ್ನ ಬ್ಯಾಟರ್‌ಗೆ ಸುಳಿವು ಕೊಟ್ಟರೆ ನಿಯಮ ಅಡ್ಡ ಬರುವುದಿಲ್ಲ. ಅದು ಜಾಣತನ. ನೀನು ಕದ್ದರೆ ನಾನು ಸನ್ನೆ ಬದಲಾಯಿಸುತ್ತೇನೆ, ಇದು ಇಬ್ಬರೂ ಒಪ್ಪಿಕೊಂಡ ಆಟ. ಕ್ಯಾಮೆರಾ ಬಂದಾಗ ಈ ಸಮತೋಲ ಹೋಯಿತು, ಯಾಕೆಂದರೆ ಎದುರಾಳಿಗೆ ತನ್ನನ್ನು ಯಾರು ನೋಡುತ್ತಿದ್ದಾರೆ ಅನ್ನುವುದೇ ಗೊತ್ತಿರುವುದಿಲ್ಲ. ನನ್ನ ಮಟ್ಟಿಗೆ ಗೆರೆ ಇರುವುದು ಅಲ್ಲೇ.

ಒಬ್ಬ ಆಸ್ಟ್ರೋಸ್ ಅಭಿಮಾನಿಯೇ ಆ ವರ್ಷದ 58 ಪಂದ್ಯಗಳ ವಿಡಿಯೋ ಕೂತು ಕೇಳಿದರು. 8,200ಕ್ಕೂ ಜಾಸ್ತಿ ಎಸೆತಗಳಲ್ಲಿ 1,143 ಸಲ ಡಬ್ಬದ ಸದ್ದು ಸಿಕ್ಕಿತು. ತನ್ನದೇ ತಂಡದ ಮೋಸವನ್ನು ಒಂದೊಂದಾಗಿ ಎಣಿಸುವುದು ಸುಲಭವಲ್ಲ, ಅಲ್ವಾ? ಆ ವರ್ಷ ಆಸ್ಟ್ರೋಸ್ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಫೈನಲ್ ಸರಣಿ, ಗೆದ್ದಿತ್ತು. ವಿಷಯ ಹೊರಬಿದ್ದದ್ದು 2019ರ ನವೆಂಬರ್‌ನಲ್ಲಿ, ತಂಡದ ಹಳೆಯ ಆಟಗಾರ ಮೈಕ್ ಫಯರ್ಸ್ ಬಾಯಿಬಿಟ್ಟಾಗ. 2020ರ ಜನವರಿಯಲ್ಲಿ ತಂಡಕ್ಕೆ 50 ಲಕ್ಷ ಡಾಲರ್ ದಂಡ ಬಿತ್ತು. ಮ್ಯಾನೇಜರ್ ಮತ್ತು ಜನರಲ್ ಮ್ಯಾನೇಜರ್ ಕೆಲಸ ಹೋಯಿತು. ಆಟಗಾರರಿಗೆ ಶಿಕ್ಷೆಯೇ ಇಲ್ಲ.

ಆಗ ಬರೆಯದ ನಿಯಮ ಎದ್ದು ನಿಂತಿತು. ತಪ್ಪು ಮಾಡಿದವರ ಮೈಗೆ ಬಾಲ್ ಎಸೆಯುವುದು ಬೇಸ್‌ಬಾಲ್‌ನ ಹಳೆಯ ಲೆಕ್ಕ ಚುಕ್ತಾ. 2020ರ ಜುಲೈ 28ರಂದು ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಜೋ ಕೆಲಿ ಒಬ್ಬ ಆಸ್ಟ್ರೋಸ್ ಬ್ಯಾಟರ್‌ನ ತಲೆಯ ಹಿಂದೆಯೇ ಹೋಗುವಂತೆ ಬಾಲ್ ಎಸೆದರು. 2017ರ ವರ್ಲ್ಡ್ ಸೀರೀಸ್‌ನಲ್ಲಿ ಆಸ್ಟ್ರೋಸ್ ಸೋಲಿಸಿದ್ದು ಡಾಡ್ಜರ್ಸ್ ತಂಡವನ್ನೇ. ಆದರೆ ಆಗ ಕೆಲಿ ಆ ತಂಡದಲ್ಲೇ ಇರಲಿಲ್ಲ! ಪೆಟ್ಟು ತಿಂದವನು ಒಬ್ಬ, ತೀರಿಸಿಕೊಳ್ಳಲು ಬರುವವನು ಇನ್ನೊಬ್ಬ.

ಈ ಸೇಡಿನ ಬಗ್ಗೆ ಮನಶ್ಶಾಸ್ತ್ರಜ್ಞ ರಿಚರ್ಡ್ ಲ್ಯಾರಿಕ್ ಮತ್ತು ಸಂಗಡಿಗರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1952ರಿಂದ 2009ರವರೆಗಿನ 57,293 ಪಂದ್ಯಗಳನ್ನು ಜಾಲಾಡಿದ್ದರು. ತನ್ನ ತಂಡದವರಿಗೆ ಎದುರಾಳಿ ಪಿಚರ್‌ನ ಬಾಲ್ ಬಡಿದಿದ್ದರೆ ಪಿಚರ್ ತಿರುಗಿ ಎದುರಾಳಿಗೆ ಬಡಿಯುವ ಸಾಧ್ಯತೆ ಬಿಸಿಲು ಏರಿದಂತೆ ಏರುತ್ತಿತ್ತು. ಯಾರಿಗೂ ಬಡಿದಿರದಿದ್ದರೆ ಬಿಸಿಲಿನ ಪ್ರಭಾವ ಅಷ್ಟಾಗಿ ಇರಲಿಲ್ಲ. ಬೆವರಿದ ಕೈಯಿಂದ ಬಾಲ್ ಜಾರಿತು ಅನ್ನುವ ವಿವರಣೆ ಇಲ್ಲಿ ಹೊಂದುವುದಿಲ್ಲ, ಹಾಗಿದ್ದರೆ ಎರಡೂ ಕಡೆ ಒಂದೇ ಥರ ಏರಬೇಕಿತ್ತು. ಸೆಕೆಯಲ್ಲಿ ಮನುಷ್ಯನಿಗೆ ಆಕಸ್ಮಿಕವಾಗಿ ಬಿದ್ದ ಪೆಟ್ಟೂ ಬೇಕಂತಲೇ ಹಾಕಿದ ಪೆಟ್ಟಿನ ಹಾಗೆ ಕಾಣಬಹುದು, ಅದಕ್ಕೇ ಕೈ ಬೇಗ ಏಳಬಹುದು. ಆಟಗಾರರು ಇದನ್ನು ನ್ಯಾಯ ಅಂತಾರೆ. ಥರ್ಮಾಮೀಟರ್ ನೋಡಿ ಬದಲಾಗುವುದು ಎಂಥ ನ್ಯಾಯ?

ಸನ್ನೆ ಕದಿಯುವುದಕ್ಕೆ ಈಗ ಮದ್ದು ಸಿಕ್ಕಿದೆ. 2022ರಿಂದ ಪಿಚ್‌ಕಾಮ್ ಅನ್ನುವ ಸಣ್ಣ ಸಾಧನ ಬಂದಿದೆ. ಕ್ಯಾಚರ್ ಗುಂಡಿ ಒತ್ತುತ್ತಾನೆ, ಪಿಚರ್‌ನ ಟೋಪಿಯೊಳಗೆ ದನಿ ಕೇಳುತ್ತದೆ. ಎರಡನೇ ಬೇಸ್‌ನಲ್ಲಿ ನಿಂತವನಿಗೆ ನೋಡಲು ಬೆರಳೇ ಇಲ್ಲ. ಸೇಡಿನ ಬಾಲ್‌ಗೆ ಮಾತ್ರ ಇಂಥ ಯಾವ ಗುಂಡಿಯೂ ಬಂದಿಲ್ಲ.

1920ರ ಆಗಸ್ಟ್ 16ರಂದು ಕ್ಲೀವ್‌ಲ್ಯಾಂಡ್ ತಂಡದ ರೇ ಚಾಪ್‌ಮನ್ ತಲೆಗೆ ಬಾಲ್ ಬಡಿಯಿತು. ಆಗ ಹೆಲ್ಮೆಟ್ ಇರಲಿಲ್ಲ. ಮರುದಿನ, 17ರಂದು, ಅವರು ತೀರಿಕೊಂಡರು. ಸರಿಯಾಗಿ ನೂರು ವರ್ಷ ಆದ ಮೇಲೆ, 2020ರ ಆಗಸ್ಟ್ 17ರಂದು, ಸ್ಯಾನ್ ಡಿಯಾಗೋದ ಫರ್ನಾಂಡೋ ಟಾಟಿಸ್ ಜೂನಿಯರ್ ತಮ್ಮ ತಂಡ ಏಳು ರನ್ ಮುಂದಿದ್ದಾಗಲೂ, ಪಿಚರ್ ಸತತ ಮೂರು ಬಾಲ್ ಗುರಿ ತಪ್ಪಿ ಎಸೆದ ಮೇಲೆ (ಇನ್ನೊಂದು ತಪ್ಪಿದರೆ ಪುಕ್ಕಟೆ ಬೇಸ್) ಸುಮ್ನೆ ನಿಲ್ಲದೆ ಬೀಸಿ ಒಂದೇ ಹೊಡೆತಕ್ಕೆ ತಂಡಕ್ಕೆ ನಾಲ್ಕು ರನ್ ತಂದರು. ಅಷ್ಟು ಮುಂದಿರುವಾಗ ಹಾಗೆ ಬೀಸಬಾರದು ಅನ್ನುವುದು ಬರೆಯದ ಇನ್ನೊಂದು ನಿಯಮ. ಎದುರಾಳಿ ಟೆಕ್ಸಸ್ ತಂಡ ಎಸೆದ ಮುಂದಿನ ಬಾಲ್ ಮ್ಯಾನಿ ಮಚಾಡೋ ಬೆನ್ನ ಹಿಂದೆ ಹಾದುಹೋಯಿತು. ಟಾಟಿಸ್ ಆದ ಮೇಲೆ ಬ್ಯಾಟ್ ಹಿಡಿದು ಬಂದು ನಿಂತಿದ್ದೊಂದೇ ಅವರು ಮಾಡಿದ್ದು.