ಪಕ್ಕದ ಊರಿಗೆ ಆಕಾಶದ ದಾರಿ

ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಕ್ಕಾಗಿ ರೇಡಿಯೋ ಸೆಟ್‌ಗಳಲ್ಲಿ ಪರಸ್ಪರ ಮಾತಾಡುವ ಹುಚ್ಚು ಹತ್ತಿದವರು ಮೊದಲು ಕೊಳ್ಳುವುದು ಹೆಚ್ಚಾಗಿ ಚೀನಾದ ಬಾವೊಫೆಂಗ್ ಹ್ಯಾಂಡ್‌ಸೆಟ್. ಅಗ್ಗ, ಜೇಬಿಗೆ ಹಿಡಿಯುತ್ತೆ, ಪವರ್ ಸುಮಾರು 5 ವಾಟ್. ಬಯಲುಸೀಮೆಯಲ್ಲಿ ಹತ್ತಿರ ಒಂದು ರಿಪೀಟರ್ (ಬಂದ ಸಂಕೇತವನ್ನು ಎತ್ತರದಿಂದ ಮತ್ತೆ ಬಿತ್ತರಿಸುವ ಸ್ಟೇಷನ್) ಇದ್ದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೊಡಗಿನಲ್ಲಿ? ಭಾಗಮಂಡಲದ ತಗ್ಗಿನಲ್ಲಿ ನಿಂತು ಮಡಿಕೇರಿಯವರನ್ನು ಕರೆದು ನೋಡಿ. ಇದು ಬಳಸುವ 144ರಿಂದ 146 ಮೆಗಾಹರ್ಟ್ಸ್ ಅಲೆಗಳು ಹೆಚ್ಚುಕಡಿಮೆ ನೇರಕ್ಕೆ ಸಾಗುವಂಥವು, ಗುಡ್ಡ ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. 1,748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತಿದರೆ ಇದೇ ಪುಟ್ಟ ಸೆಟ್ಟಿನ ಮಾತು ನೂರು ಕಿಲೋಮೀಟರ್ ಆಚೆಗೂ ಕೇಳಿಸಬಹುದು. ಆದರೆ ಜುಲೈ ಮಳೆಯಲ್ಲಿ ಯಾರು ಹತ್ತುತ್ತಾರೆ?

"ಎತ್ತರದ ಟವರ್ ಹಾಕಿ, ಪವರ್ ಏರಿಸಿ" ಎನ್ನುವವರು ಯಾವಾಗಲೂ ಇರುತ್ತಾರೆ. ಹ್ಯಾಮ್‌ಗಳ ನಡುವೆ ಇದು ಹಳೇ ಜಗಳ. ನನ್ನ ಕೇಳಿದರೆ ಕೊಡಗಿಗೆ ಬೇಕಾದ್ದು ಇದರ ಉಲ್ಟಾ: 7 ಮೆಗಾಹರ್ಟ್ಸ್‌ನ, ಅಂದರೆ 40 ಮೀಟರ್ ಬ್ಯಾಂಡಿನ ಸೆಟ್, ಮತ್ತು ತಗ್ಗಿನಲ್ಲೇ ಕಟ್ಟಿದ ಒಂದು ತಂತಿ.

ತಂತಿಯ ಒಟ್ಟು ಉದ್ದ ಸುಮಾರು 20 ಮೀಟರ್, ನಡುವೆ ಕತ್ತರಿಸಿ ಕೇಬಲ್ ಜೋಡಿಸಿದರೆ ಡೈಪೋಲ್ ಅನ್ನುವ ಆಂಟೆನಾ ರೆಡಿ. ಇದನ್ನು 20 ಮೀಟರ್ ಎತ್ತರಕ್ಕೆ ಏರಿಸಿದಿರೋ, ನೆಲಕ್ಕೆ ಬಡಿದು ವಾಪಸು ಬರುವ ಅಲೆ ನೆತ್ತಿಯ ಕಡೆಗೆ ಹೋಗುವ ಅಲೆಯನ್ನು ಅಳಿಸಿಹಾಕುತ್ತದೆ, ಶಕ್ತಿಯೆಲ್ಲ ದಿಗಂತದ ಕಡೆ ಓರೆಯಾಗಿ ಹೋಗುತ್ತದೆ. ದೂರದೇಶದವರ ಜೊತೆ ಮಾತಾಡಲು ಅದು ಸರಿ. ಅದೇ ತಂತಿಯನ್ನು 10 ಮೀಟರಿಗೆ ಇಳಿಸಿದರೆ ಎರಡೂ ಅಲೆಗಳು ಕೂಡಿಕೊಂಡು ನೆಟ್ಟಗೆ ಮೇಲಕ್ಕೇ ಹೋಗುತ್ತವೆ. ಮೇಲೆ ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ, ಸೂರ್ಯನ ಬಿಸಿಲಿಗೆ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಕಳಚಿಕೊಂಡಿರುವ ಪದರ ಒಂದಿದೆ. ಅದು ಅಲೆಯನ್ನು ತಿರುಗಿಸಿ ಕೆಳಕ್ಕೆ ಕಳಿಸುತ್ತದೆ. ಸೋಮವಾರಪೇಟೆ, ವಿರಾಜಪೇಟೆ, ಮೈಸೂರು, ಎಲ್ಲದರ ಮೇಲೂ ತುಂತುರು ಮಳೆಯ ಹಾಗೆ ಅದು ಬೀಳುತ್ತದೆ, ನಡುವೆ ಯಾವ ಬೆಟ್ಟ ಇದ್ದರೇನು! ಪಕ್ಕದ ಊರಿಗೆ ಹೋಗಲು 600 ಕಿಲೋಮೀಟರ್ ಸುತ್ತಾಟ, ಹಿಡಿಯುವ ಸಮಯ 2 ಮಿಲಿಸೆಕೆಂಡ್. ಹೀಗೆ ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಕಳಿಸಿ ಹತ್ತಿರದಲ್ಲೇ ಇಳಿಸಿಕೊಳ್ಳುವುದನ್ನು ಎನ್‌ವಿಐಎಸ್ (ನಿಯರ್ ವರ್ಟಿಕಲ್ ಇನ್ಸಿಡೆನ್ಸ್ ಸ್ಕೈವೇವ್) ಅನ್ನುತ್ತಾರೆ.

ರಾತ್ರಿ ಆ ಪದರ ತೆಳುವಾಗಿ, 7 ಮೆಗಾಹರ್ಟ್ಸ್ ಅಲೆ ತೂರಿಕೊಂಡು ಹೋಗಿಬಿಡುವುದುಂಟು. ಆಗ 3.5 ಮೆಗಾಹರ್ಟ್ಸ್‌ಗೆ ಇಳಿಯಬೇಕು. ಹಗಲಲ್ಲಿ ಅದು ಆಗದು, ಕೆಳಗಿನ ಇನ್ನೊಂದು ಪದರ ಅದನ್ನು ನುಂಗುತ್ತದೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ರಸ್ತೆ, ಕರೆಂಟು, ಮೊಬೈಲು ಎಲ್ಲ ಕೈಕೊಟ್ಟಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಕಾರಿನ ಬ್ಯಾಟರಿ, ಸೆಟ್, ಎರಡು ಸಿಲ್ವರ್ ಓಕ್ ಮರದ ನಡುವೆ ತಂತಿ, ಇಷ್ಟಿದ್ದರೆ ಟವರಿನ ಹಂಗಿಲ್ಲದೆ ಜಿಲ್ಲೆಯ ಆಚೆಗೂ ಮಾತಾಡಬಹುದು. ಆದರೆ ಎರಡೂ ಕಡೆ ಜನ ಬೇಕಲ್ವಾ? ಒಬ್ಬನೇ ಹ್ಯಾಮ್ ಇದ್ದರೆ ಸುಮ್ನೆ ಗಾಳಿಗೆ ಮಾತಾಡಿದ ಹಾಗೆ.

ಸೆಟ್ ಅಂದರೆ ಲಕ್ಷ ಸುರಿಯಬೇಕು ಅಂತಲೂ ಇಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟೆಕ್ಸ್ ಸೆಟ್ಟನ್ನು ಬೆಸುಗೆ ಹಿಡಿಯಲು ಬರುವವರು ಮನೆಯಲ್ಲೇ ಕಟ್ಟಿಕೊಳ್ಳುತ್ತಾರೆ. ಲೈಸೆನ್ಸ್ ಮಾತ್ರ ಬೇಕೇ ಬೇಕು, ಪರೀಕ್ಷೆ ಬರೆಯಲು 12 ವರ್ಷ ತುಂಬಿದ್ದರೆ ಸಾಕು. ಜನರಲ್ ದರ್ಜೆಗೆ ಚುಕ್ಕಿ-ಗೆರೆಯ ಮೋರ್ಸ್ ಕೋಡ್ ಕಲಿಯಬೇಕು, ರೆಸ್ಟ್ರಿಕ್ಟೆಡ್ ದರ್ಜೆಗೆ ಬೇಡ. "ಮೋರ್ಸ್ ಬಾರದವನು ಎಂಥಾ ಹ್ಯಾಮ್" ಅಂತ ಹಿರಿಯರು ಗೊಣಗುವುದು ಅದಕ್ಕೇ. 2017ರಲ್ಲಿ ಬಂದ ಎಫ್‌ಟಿ8 ಅನ್ನುವ ಡಿಜಿಟಲ್ ವಿಧಾನದ ಮೇಲಂತೂ ಇನ್ನೂ ಸಿಟ್ಟು: 15 ಸೆಕೆಂಡಿಗೊಮ್ಮೆ ಕಂಪ್ಯೂಟರುಗಳೇ ಸಂದೇಶ ಬದಲಿಸಿಕೊಳ್ಳುತ್ತವೆ, ಮಾತೇ ಇಲ್ಲ. ಕಿವಿಗೆ ಕೇಳದಷ್ಟು ಕ್ಷೀಣ ಸಂಕೇತವನ್ನೂ ಅದು ಹಿಡಿಯುತ್ತದೆ ಅನ್ನುವುದು ನಿಜ, ಆದರೆ ನನಗೆ ದನಿ ಕೇಳಿದರೇನೇ ಖುಷಿ.

ತೋಟದೊಳಗೆ ಪೇಟೆಯ ವಿದ್ಯುತ್ ಉಪಕರಣಗಳು ಎಬ್ಬಿಸುವ ರೇಡಿಯೋ ಗದ್ದಲ ಕಮ್ಮಿ, ಕ್ಷೀಣ ದನಿಗಳೂ ಸಿಗುತ್ತವೆ. ಒಂದೇ ಕಾಟ, ಆನೆಗೆಂದು ಹಾಕಿದ ಸೋಲಾರ್ ಬೇಲಿ. ಒದ್ದೆ ಬಳ್ಳಿ ತಾಗಿ ಕಿಡಿ ಹಾರಿದರೆ ಸೆಕೆಂಡಿಗೊಮ್ಮೆ ಸ್ಪೀಕರಿನಲ್ಲಿ ಟಕ್, ಟಕ್. ಅದಕ್ಕೆ ಫಿಲ್ಟರ್ ಹುಡುಕಬೇಡಿ, ಕತ್ತಿ ಹಿಡಿದು ಬೇಲಿಗುಂಟ ಹೋಗಿ ಬಳ್ಳಿ ಸವರಿ. ಮೊದಲು ಬೇಲಿಯ ಸ್ವಿಚ್ ಆಫ್ ಮಾಡಿ, ಅಷ್ಟೆ.