ಕಾಫಿ ತೋಟದಿಂದ ಕಾಡುಮರ ಹೋದದ್ದು ಹೇಗೆ

ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಈಗ ಎದ್ದು ಕಾಣುವುದು ಹೊರದೇಶದಿಂದ ಬಂದ ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅತ್ತಿ, ಬಸರಿ, ಗೋಣಿ, ನಂದಿ, ಮತ್ತಿಯಂಥ ಕಾಡುಮರಗಳು ವಿರಳವಾಗಿವೆ. ಇದಕ್ಕೆ ಬೆಳೆಗಾರರನ್ನಷ್ಟೇ ದೂರುವುದು ಅನ್ಯಾಯ.

ನೆರಳಿನ ಬೆಲೆ ಗೊತ್ತಾದದ್ದು 1860ರ ದಶಕದಲ್ಲಿ. ಕಾಡು ಬೋಳಿಸಿ ಬಿಸಿಲಿಗೆ ಬೆಳೆಸಿದ ಕಾಫಿಯನ್ನು ಬಿಳಿ ಕಾಂಡಕೊರಕ ಎಂಬ ದುಂಬಿ ಹಾಳುಗೆಡವಿತು. ತನಿಖೆ ನಡೆಸಿದ ಬ್ರಿಟಿಷ್ ವೈದ್ಯ ಜಾರ್ಜ್ ಬಿಡೀ 1869ರ ವರದಿಯಲ್ಲಿ ನೆರಳು ಬೇಕೆಂದರು. ಕಾರಣ ಇವತ್ತಿಗೂ ಅದೇ. ಈ ದುಂಬಿ ಬಿಸಿಲಿದ್ದಾಗ ಚುರುಕು. ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ ಹಾರಾಡಿ, ಬಿಸಿಲು ಬೀಳುವ ಅರೇಬಿಕಾ ಜಾತಿಯ ಕಾಫಿ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಎಲೆ ಹಳದಿಯಾಗಿ ಕಾಂಡದ ಮೇಲೆ ಉಬ್ಬಿದ ಗೆರೆ ಕಂಡರೆ ಹುಳು ಒಳಗೆ ಸೇರಿದೆ ಎಂದೇ ಲೆಕ್ಕ. ದುಂಬಿ ಹೊರಬರುವ ಮೊದಲೇ ಅಂಥ ಗಿಡ ಕಿತ್ತು ಸುಡಬೇಕು.

ಆಮೇಲೆ ಬಂತು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ನಂದಿ, ಮತ್ತಿ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಸಿಲ್ವರ್ ಓಕ್‌ಗೆ ವಿನಾಯಿತಿ. 2000ದ ಆಸುಪಾಸಿನಲ್ಲಿ ಕಾಫಿ ದರ ಕುಸಿದಾಗ ಸಲೀಸಾಗಿ ಮಾರಬಹುದಾಗಿದ್ದ ಮರ ಅದೇ. ಮರ ಉಳಿಸಲೆಂದು ಬಂದ ನಿಯಮ ಕಾಡುಸಸಿಯನ್ನು ಎಳೆಯದರಲ್ಲೇ ಕೀಳುವ ರೂಢಿಗೆ ದಾರಿ ಮಾಡಿತು. ತಾನೇ ಬೆಳೆಸಿದ ನಂದಿಯನ್ನು ಕಡಿಯುವ ಹಕ್ಕು, ಸಸಿ ನೆಟ್ಟಾಗಲೇ ಬೆಳೆಗಾರನಿಗೆ ಖಾತ್ರಿಯಾಗಬೇಕು. ಸಿಲ್ವರ್‌ನಲ್ಲಿ ಮಂಗಟ್ಟೆ ಹಕ್ಕಿಗೆ ತಿನ್ನಲು ಅತ್ತಿಹಣ್ಣಿಲ್ಲ, ಗೂಡಿಗೆ ಪೊಟರೆಯಿಲ್ಲ.

ಕಾಡುಮರ ಮರಳಿ ತರಲು ನರ್ಸರಿಯೇ ಬೇಕೆಂದಿಲ್ಲ. ಹಕ್ಕಿಯ ಹಿಕ್ಕೆಯಿಂದ, ಗಾಳಿಗೆ ಹಾರಿ ಬಂದ ಬೀಜದಿಂದ ತೋಟದಲ್ಲಿ ಸಸಿ ತಾನಾಗಿ ಏಳುತ್ತದೆ. ಅದು ಸಾಯುವುದು ಕಳೆ ಹೊಡೆಯುವಾಗ, ಯಂತ್ರದ ಬ್ಲೇಡಿಗೆ ಅಥವಾ ಕಳೆನಾಶಕಕ್ಕೆ. ಹಾಗಾಗಿ ಕಳೆಗೆ ಆಳು ಇಳಿಸುವ ಮುಂಚೆ ಒಂದು ಸುತ್ತು ಹಾಕಿ, ಉಳಿಸಬೇಕಾದ ಸಸಿಯ ಪಕ್ಕ ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಬೇಕು. ಸುತ್ತ ಎರಡಡಿ ಕೈಯಲ್ಲೇ ಕಳೆ ತೆಗೆಯಬೇಕು. ಖಾಯಂ ನೆರಳಿಗೆ 40–45 ಅಡಿಗೊಂದು ಮರ ಸಾಕು. ಸಸಿ ಬೀಳದ ಕಡೆ ಜೂನ್ ಮಳೆ ಹಿಡಿದ ಮೇಲೆ ನೆಡಬಹುದು. ಮರ ಏರಿದಂತೆ ಮರಗಸಿಯಲ್ಲಿ, ಅಂದರೆ ನೆರಳುಮರ ಸವರುವ ಕೆಲಸದಲ್ಲಿ, ಕೆಳಗಿನ ರೆಂಬೆಗಳನ್ನು ಮಾತ್ರ ಸವರಬೇಕು. ತುದಿ ಕತ್ತರಿಸಿದರೆ ಕಾಫಿಯ ತಲೆಯ ಮೇಲೇ ಒತ್ತೊತ್ತಾಗಿ ಹರಡುತ್ತದೆ.

ಅವಸರಪಟ್ಟು ಸಿಲ್ವರನ್ನೆಲ್ಲ ಒಮ್ಮೆಲೇ ತೆಗೆದರೆ ಬಿಸಿಲು ನೇರ ಕಾಂಡಕ್ಕೆ ಬಿದ್ದು ಕೊರಕ ಮತ್ತೆ ನುಗ್ಗುತ್ತದೆ. ಕಾಡುಮರದ ನೆರಳು ಕಾಫಿ ಸಾಲನ್ನು ಮುಚ್ಚಿದ ಮೇಲೆ, ಅದರ ಪಕ್ಕದ ಸಿಲ್ವರನ್ನಷ್ಟೇ ಒಂದೊಂದಾಗಿ ಕಡಿಯಬೇಕು.