ಡಬಲ್ ಕಾಯಿಲ್ ಎಂದರೆ ಡಬಲ್ ಬಾಸ್ ಅಲ್ಲ

"ಡಬಲ್ ಕಾಯಿಲ್ ಸಬ್ ಹಾಕಿಸಿದ್ದೇನೆ ಚಿಕ್ಕಪ್ಪ, ಇನ್ನು ಬಾಸ್ ಡಬಲ್" ಎಂದ ಅಣ್ಣನ ಮಗ. ಕಾಸರಗೋಡು ಕಡೆಯ ನೀರ್ಚಾಲಿನ ನಮ್ಮ ಅಂಗಳದಲ್ಲಿ ಅವನ ಕಾರು ನಿಂತಿತ್ತು. ಡಿಕ್ಕಿಯಲ್ಲಿ 12 ಇಂಚಿನ ಸಬ್‌ವೂಫರ್, ಅಂದರೆ ಬಾಸ್ ಎಂಬ ತಗ್ಗಿನ ಸದ್ದಿಗೆಂದೇ ಇರುವ ಸ್ಪೀಕರ್. ಯಕ್ಷಗಾನದ ಪದ ಹಾಕಿದ. ಚೆಂಡೆಯ ಪೆಟ್ಟು ಖಣ್ ಎಂದು ಕೇಳಿಸಿತು, ಆದರೆ ಅದು ಬಾಗಿಲಿನ ಸ್ಪೀಕರಿನಿಂದ. ಮದ್ದಳೆಯ ತಗ್ಗಿನ ನಾದ ಎಲ್ಲೂ ಇಲ್ಲ. ಸಬ್‌ನ ಕೋನ್ (ಅಲುಗಿ ಸದ್ದು ಮಾಡುವ ಆಲಿಕೆಯಂಥ ಭಾಗ) ಮೇಲೆ ಕೈ ಇಟ್ಟೆ. ಅಲುಗಾಟವೇ ಇಲ್ಲ. ಸ್ವಲ್ಪ ಹೊತ್ತಿಗೆ ವಾರ್ನಿಶ್ ಸುಟ್ಟ ವಾಸನೆ ಬಂತು. ಕೂಡಲೇ ಆಫ್ ಮಾಡಿಸಿದೆ.

"ಡಬಲ್ ಕಾಯಿಲ್, ಡಬಲ್ ಪವರ್" ಎಂಬ ಮಾತು ಅವನಿಗೆ ಬಂದದ್ದು ಸಬ್ ಕೂರಿಸಿದ ಅಂಗಡಿಯಿಂದ. ಹೀಗೆ ನಂಬಿದವರು ತುಂಬ ಜನ. ನನಗೆ ಬೇಸರ ಆಗುವುದು ಇದಕ್ಕೇ. ಎರಡನೇ ಕಾಯಿಲ್‌ನ ನಿಜವಾದ ಕಥೆ ಈ ಸುಳ್ಳಿಗಿಂತ ಎಷ್ಟೋ ಚೆಂದ ಇದೆ.

ಅಯಸ್ಕಾಂತದ ಸಂದಿಯಲ್ಲಿ ತಂತಿಯ ಸುರುಳಿ (ಅದೇ ಕಾಯಿಲ್), ಸುರುಳಿಗೆ ಅಂಟಿದ ಕೋನ್, ಇಷ್ಟು ಎಲ್ಲರಿಗೂ ಗೊತ್ತು. ಈ ಬಗೆಯ ಸ್ಪೀಕರನ್ನು ಕ್ಯಾಲಿಫೋರ್ನಿಯಾದ ನಾಪಾ ಊರಿನಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡ್ಹಮ್ ತಯಾರಿಸಿ, 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜನರಿಗೆ ಕೇಳಿಸಿದರು. ಹೆಸರು ಮ್ಯಾಗ್ನಾವಾಕ್ಸ್, ಲ್ಯಾಟಿನ್‌ನಲ್ಲಿ 'ದೊಡ್ಡ ದನಿ'. ಅದಕ್ಕೆ ಕಹಳೆಯಂಥ ಹಾರ್ನ್ ಬೇಕಿತ್ತು. ಹಾರ್ನ್ ಇಲ್ಲದೆ ಬರೀ ಕೋನಿನಿಂದಲೇ ಚೆನ್ನಾಗಿ ನುಡಿಸಿದವರು ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್, 1925ರ ಹೊತ್ತಿಗೆ. 1930ರಲ್ಲಿ ಗ್ಯಾಲ್ವಿನ್ ಸಹೋದರರ ಕಂಪನಿ ಮೋಟೊರೋಲಾ ಎಂಬ ಕಾರ್ ರೇಡಿಯೊ ತಂದಿತು. ನಮ್ಮ ಕಡೆ ಕಾರಿನ ಹಾಡಿನ ಹುಚ್ಚು ಹಬ್ಬಿದ್ದು ಬಹಳ ತಡವಾಗಿ, ಗಲ್ಫ್‌ನಿಂದ ಬಂದವರ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರ್ ಬರತೊಡಗಿದ ಮೇಲೆ.

ಇಷ್ಟು ವರ್ಷ ಒಂದು ಸ್ಪೀಕರಿಗೆ ಒಂದೇ ಕಾಯಿಲ್ ಸಾಕಾಗಿತ್ತು. ಎರಡು ಬೇಕಾಗಿದ್ದು ಸ್ಟೀರಿಯೊದಿಂದ. 1958ರ ಸುಮಾರಿಗೆ ಸ್ಟೀರಿಯೊ ಗ್ರಾಮಫೋನ್ ತಟ್ಟೆಗಳು ಮಾರುಕಟ್ಟೆಗೆ ಬಂದವು. ಎಡಕ್ಕೊಂದು, ಬಲಕ್ಕೊಂದು ದಾರಿ. ಆದರೆ ತಗ್ಗಿನ ಸದ್ದಿಗೆ ಎಡ ಬಲ ಬೇಕಿಲ್ಲ. 40 ಹರ್ಟ್ಸ್ (ಸೆಕೆಂಡಿಗೆ 40 ಸಲ ಅಲುಗುವ) ಸದ್ದಿನ ಒಂದು ಅಲೆ ಎಂಟೂವರೆ ಮೀಟರ್ ಉದ್ದ. ನಮ್ಮ ಎರಡು ಕಿವಿಗಳ ನಡುವೆ ಇರುವುದು ಒಂದು ಗೇಣು. ಅಷ್ಟುದ್ದದ ಅಲೆ ಯಾವ ಕಡೆಯಿಂದ ಬಂತು ಎಂದು ಕಿವಿಗೆ ತಿಳಿಯುವುದು ಕಷ್ಟ. ಹಾಗಾಗಿ ಬಾಸ್‌ಗೆ ಒಂದೇ ದೊಡ್ಡ ಸ್ಪೀಕರ್ ಸಾಕು. ಆದರೆ ಎಡ ಬಲ ಎರಡನ್ನೂ ಅದಕ್ಕೆ ಕೊಡುವುದು ಹೇಗೆ? ಎರಡು ಆಂಪ್‌ಗಳ (ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್‌ಗಳ) ತಂತಿಯನ್ನು ಸುಮ್ನೆ ಒಟ್ಟಿಗೆ ಹೆಣೆದರೆ ಒಂದರ ಕರೆಂಟು ಇನ್ನೊಂದಕ್ಕೆ ನುಗ್ಗುತ್ತದೆ, ಆಂಪ್ ಸುಡುತ್ತದೆ.

ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಕಾಸರಗೋಡಿನ ಸುರಂಗಗಳನ್ನು ನೆನೆಸಿಕೊಳ್ಳಿ. ಗುಡ್ಡದಲ್ಲಿ ಎರಡು ಕಡೆ ಎರಡು ಸುರಂಗ, ಎರಡರ ನೀರೂ ಬಂದು ಬೀಳುವುದು ಒಂದೇ ಕೆರೆಗೆ. ಸುರಂಗಕ್ಕೆ ಸುರಂಗ ತಾಗುವುದಿಲ್ಲ, ನೀರು ಮಾತ್ರ ಸೇರುತ್ತದೆ. ಡಬಲ್ ಕಾಯಿಲ್ ಮಾಡಿದ್ದು ಅದನ್ನೇ. ಒಂದೇ ಕೊಳವೆಯ ಮೇಲೆ ಎರಡು ತಂತಿ ಸುತ್ತಿದರು. ಒಂದಕ್ಕೆ ಎಡ, ಇನ್ನೊಂದಕ್ಕೆ ಬಲ. ಕರೆಂಟುಗಳು ಬೇರೆ ಬೇರೆ, ದೂಡುವ ಬಲ ಮಾತ್ರ ಕೋನಿನಲ್ಲಿ ಒಂದಾಗುತ್ತದೆ. ಮದ್ದಳೆಗೆ ಎರಡು ಮುಖ ಇದ್ದ ಹಾಗಲ್ಲ ಇದು. ಮದ್ದಳೆಯ ಎರಡು ಮುಖ ಎರಡು ನಾದ ಕೊಡುತ್ತವೆ. ಇಲ್ಲಿ ಚರ್ಮ ಒಂದೇ, ಬಡಿಯುವ ಕೈ ಎರಡು.

ಮನೆಯ ಸ್ಟೀರಿಯೊಗೆ ಬಂದ ಈ ಉಪಾಯ ಕಾರಿಗೆ ಬಂದಾಗ ಅದರ ಕೆಲಸವೇ ಬದಲಾಯಿತು. ಕಾರಿನ ಬಡತನ ವೋಲ್ಟೇಜಿನದು. ಬ್ಯಾಟರಿ 12 ವೋಲ್ಟ್, ಇಂಜಿನ್ ಓಡುವಾಗ 14ರ ಆಸುಪಾಸು. ಅಷ್ಟರಿಂದಲೇ ನೇರವಾಗಿ 4 ಓಮ್ (ಕರೆಂಟಿಗೆ ಇರುವ ತಡೆಯ ಅಳತೆ) ಸ್ಪೀಕರಿಗೆ ಲೆಕ್ಕದ ಪ್ರಕಾರ 25 ವಾಟ್ ಸಿಗುವುದೇ ಹೆಚ್ಚು. ಜಾಸ್ತಿ ಬೇಕಾದರೆ ಆಂಪ್ ಒಳಗೇ ವೋಲ್ಟೇಜ್ ಏರಿಸಬೇಕು, ಇಲ್ಲವೇ ಓಮ್ ಇಳಿಸಿ ಕರೆಂಟು ಹೆಚ್ಚು ಎಳೆಯಬೇಕು. ಕಾರಿನ ಸಬ್‌ನಲ್ಲಿ ಎರಡೂ ನಡೆಯುತ್ತವೆ. ಓಮ್ ಹೊಂದಿಸುವ ಕೆಲಸಕ್ಕೆ ಎರಡು ಕಾಯಿಲ್ ವರವಾಯಿತು. 4 ಓಮ್‌ನ ಎರಡು ಕಾಯಿಲ್‌ಗಳನ್ನು ಸಾಲಾಗಿ ಜೋಡಿಸಿದರೆ 8 ಓಮ್, ಅಕ್ಕಪಕ್ಕ ಜೋಡಿಸಿದರೆ 2. ಆಂಪ್‌ಗೆ ಯಾವುದು ಹೊಂದುತ್ತದೋ ಅದು. ಅಂದರೆ ಕಾರಿನಲ್ಲಿ ಎರಡನೇ ಕಾಯಿಲ್ ಕೊಡುವುದು ಆಯ್ಕೆಯನ್ನು. ಶಕ್ತಿಯನ್ನಲ್ಲ.

ನಂಬದವರಿಗೆ ಲೆಕ್ಕ ಇದೆ. ಆಂಪ್ 128 ವಾಟ್ ಕೊಡುತ್ತಿದೆ ಎನ್ನಿ. ಸಾಲು ಜೋಡಣೆಯಲ್ಲಿ 8 ಓಮ್, ಹರಿಯುವುದು 4 ಆಂಪಿಯರ್ ಕರೆಂಟು. ಅದೇ 4 ಆಂಪಿಯರ್ ಒಂದು ಕಾಯಿಲ್ ದಾಟಿ ಇನ್ನೊಂದಕ್ಕೂ ಹೋಗುತ್ತದೆ. ಅಕ್ಕಪಕ್ಕದ ಜೋಡಣೆಯಲ್ಲಿ 2 ಓಮ್, ಹರಿಯುವುದು 8 ಆಂಪಿಯರ್. ಅದು ಇಬ್ಭಾಗವಾಗಿ ಪ್ರತಿ ಕಾಯಿಲ್‌ಗೆ ಮತ್ತೆ 4! ತೋಟದ ಪೈಪು ಗೊತ್ತಲ್ವಾ? ಎರಡು ಪೈಪನ್ನು ಉದ್ದಕ್ಕೆ ಸೇರಿಸಿದರೆ ಒಂದರ ನೀರೇ ಇನ್ನೊಂದಕ್ಕೆ ಹೋಗುತ್ತದೆ. ಪಕ್ಕಪಕ್ಕ ಇಟ್ಟರೆ ನೀರು ಹಂಚಿಹೋಗುತ್ತದೆ. ಕೋನಿಗೆ ಗೊತ್ತಾಗುವುದು ತನ್ನ ಎರಡು ಕಾಯಿಲ್‌ಗಳಲ್ಲಿ ಎಷ್ಟೆಷ್ಟು ಹರಿಯಿತು ಎಂಬುದು ಮಾತ್ರ. ವಾಟ್ ಅಷ್ಟೇ ಆದರೆ ಸದ್ದೂ ಅಷ್ಟೇ. ಒಂದೇ ಕಾಯಿಲ್‌ಗೆ ಕೊಟ್ಟು ಇನ್ನೊಂದನ್ನು ಬಿಟ್ಟರೆ? 4 ಓಮ್‌ಗೆ 128 ವಾಟ್, ಅಂದರೆ ಸುಮಾರು 5.7 ಆಂಪಿಯರ್. ನಾಲ್ಕು ನಾಲ್ಕು ಸೇರಿ ಎಂಟರಷ್ಟು ದೂಡುತ್ತಿದ್ದಲ್ಲಿ ಈಗ 5.7ರಷ್ಟು. ಬಿಸಿ ಪೂರ್ತಿ ಒಂದೇ ತಂತಿಗೆ.

ಎರಡು ಕೋಣಗಳನ್ನು ಒಂದು ನೊಗಕ್ಕೆ ಕಟ್ಟಿದ ಹಾಗೆ ಎಂದು ಯೋಚಿಸಿದರೂ ಸರಿ. ಆದರೆ ಎರಡೂ ಒಂದೇ ಕಡೆ ಮುಖ ಮಾಡಿರಬೇಕು. ಒಂದು ಕೋಣ ಗದ್ದೆಯ ಆ ತುದಿಗೂ ಇನ್ನೊಂದು ಈ ತುದಿಗೂ ಎಳೆದರೆ ನೊಗ ನಿಂತಲ್ಲೇ ನಿಲ್ಲುತ್ತದೆ, ಕೋಣಗಳು ಬೆವರುತ್ತವೆ. ಅಣ್ಣನ ಮಗನ ಕಾರಿನಲ್ಲಿ ಆಗಿದ್ದು ಇದೇ ಇರಬೇಕು ಎಂದು ಅನಿಸಿತು.

ಮಲ್ಟಿಮೀಟರ್ ಹಿಡಿದು ನೋಡಿದೆವು. 2 ಓಮ್‌ಗೆ ಸ್ವಲ್ಪ ಕಡಿಮೆ, ಎಲ್ಲ ಸರಿ ಎಂದಿತು ಮೀಟರ್. ಅದು ಹಾಗೆಯೇ ಹೇಳುತ್ತದೆ. ತಂತಿ ತಿರುಗುಮುರುಗಾದರೂ ಓಮ್ ಬದಲಾಗುವುದಿಲ್ಲ. ಆಮೇಲೆ ಆಂಪ್‌ನ ತಂತಿ ಬಿಡಿಸಿ, ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತಂದು ತಾಗಿಸಿದೆವು. ಕೋನ್ ಮಿಸುಕಲಿಲ್ಲ. ಕಾಯಿಲ್‌ಗಳನ್ನು ಬೇರೆ ಮಾಡಿ ಒಂದೊಂದಕ್ಕೇ ತಾಗಿಸಿದಾಗ ಟಪ್ ಎಂದು ಹಾರಿತು. ಜೋಡಿಸುವಾಗ ಒಂದು ಕಾಯಿಲ್‌ನ ಪ್ಲಸ್ ಮೈನಸ್ ಅದಲು ಬದಲು ಮಾಡಿದ್ದರು. ಅಲ್ಲಿವರೆಗೆ ಆ ಸಬ್ ಬರೀ ಹೀಟರ್ ಆಗಿತ್ತು.

ಜೋಡಿಸುವ ಮುಂಚೆ ಇನ್ನೊಂದನ್ನು ತೋರಿಸದೆ ಇರಲಾಗಲಿಲ್ಲ. ಕೋನನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಡುಂ ಎಂದು ಸ್ವಲ್ಪ ಹೊತ್ತು ಅಲುಗುತ್ತದೆ. ಒಂದು ಕಾಯಿಲ್‌ನ ಎರಡು ತುದಿ ಸೇರಿಸಿ ತಟ್ಟಿದರೆ ಡಪ್ ಎಂದು ನಿಂತುಬಿಡುತ್ತದೆ. ಅಲುಗುವ ಕಾಯಿಲ್‌ನಲ್ಲಿ ಕರೆಂಟು ಹುಟ್ಟಿ, ಆ ಕರೆಂಟೇ ಅಲುಗಾಟವನ್ನು ತಡೆಯುತ್ತದೆ. 1834ರಲ್ಲಿ ವಿಜ್ಞಾನಿ ಲೆನ್ಜ್ ಹೇಳಿದ ನಿಯಮ ಇದು. ಕಾಯಿಲ್ ಎಂಜಿನೂ ಹೌದು, ಬ್ರೇಕೂ ಹೌದು. ಒಂದೇ ಕಾಯಿಲ್ ಬಳಸಿದರೆ ಬ್ರೇಕೂ ಅರ್ಧ. ಸಬ್ ಕೂರಿಸುವ ಬಾಕ್ಸ್‌ನ ಅಳತೆಗೆ ಇಂಥ ಲೆಕ್ಕವೇ ಆಧಾರ. ಅದನ್ನು ಹಾಕಿಕೊಟ್ಟವರು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ನೆವಿಲ್ ಥೀಲ್, 1961ರಲ್ಲಿ, ಮತ್ತು ಅದನ್ನು 1970ರ ದಶಕದಲ್ಲಿ ಬೆಳೆಸಿದ ರಿಚರ್ಡ್ ಸ್ಮಾಲ್. ಹುಡುಗ ಹತ್ತು ಸಲ ತಟ್ಟಿ ನೋಡಿದ.

ಕೊನೆಗೆ ತಂತಿ ಸರಿಮಾಡಿ ಅದೇ ಪದ ಹಾಕಿದೆವು. ಮದ್ದಳೆ ಎದೆಗೆ ಬಂದು ತಾಗಿತು. ಹಿಂದಿನ ನಂಬರ್ ಪ್ಲೇಟ್ ಗಲಗಲ ಎಂದಿತು. ಅದಕ್ಕೆ ಎರಡು ರಬ್ಬರ್ ವಾಷರ್ ಹಾಕಿದೆವು.